ಗಾಳಿ ಹಾಕಿಸಿಕೊಂಡು ಹೊರಟುಬಿಡುವ ಚಾಲಕರಿಗೆ

ಹಳದಿ ಬೋರ್ಡಿನ ಕಾರು ಓಡಿಸುವ ಅಣ್ಣತಮ್ಮಂದಿರಿಗೆ, ಈಚೆಗೆ ಈ ಕೆಲಸಕ್ಕೆ ಇಳಿದಿರುವ ಅಕ್ಕತಂಗಿಯರಿಗೆ:

ಮದ್ದೂರಿನ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡಿರುವವನು ನಾನು. ಇಪ್ಪತ್ತಾರು ವರ್ಷವಾಯಿತು. ನಿಮ್ಮಲ್ಲಿ ಬಹಳ ಮಂದಿಗೆ ನನ್ನ ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತಿರುತ್ತದೆ. ಬೆಳಗಿನ ಜಾವ ಐದಕ್ಕೆ ಬಂದು, ಕಿಟಕಿ ಇಳಿಸಿ, ಇಂಜಿನ್ ಆರಿಸದೆಯೇ "ಅಣ್ಣ, ಎಡಗಡೆ ಹಿಂದಕ್ಕೆ ಒಂಚೂರು ಗಾಳಿ" ಅನ್ನುತ್ತೀರಿ. ನಾನು ಹಾಕುತ್ತೇನೆ. ನೀವು ಹೊರಡುತ್ತೀರಿ. ಆ ಎರಡು ನಿಮಿಷದ ಬಗ್ಗೆ ನಿಮಗೆ ಹೇಳಬೇಕಾದ ಮಾತು ಬಹಳ ದಿನದಿಂದ ನನ್ನೊಳಗೇ ಉಳಿದಿದೆ.

ಹೋದ ತಿಂಗಳು ಒಬ್ಬ ಹುಡುಗ ಬಂದ. ವಿಮಾನ ನಿಲ್ದಾಣಕ್ಕೂ ಮೈಸೂರಿಗೂ ದಿನಾ ಓಡಾಡುವ ಗಾಡಿ, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರು. ಮೂರು ವಾರದಿಂದ, ಮೂರು ದಿನಕ್ಕೊಮ್ಮೆ, ಅದೇ ಎಡ ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸುತ್ತಿದ್ದ. ಪ್ರತಿ ಸಲವೂ ಟ್ರಿಪ್ಪಿಗೆ ಹೊತ್ತಾಗಿರುತ್ತಿತ್ತು. ಜಾಕಿ ಹಾಕಲು ಅವನು ಬಿಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆ ದಿನ ಗೇಜು 17 ಪಿಎಸ್‌ಐ ತೋರಿಸಿತು. ಇವತ್ತು ಗಾಳಿ ಹಾಕುವುದಿಲ್ಲ, ಚಕ್ರ ಬಿಚ್ಚು ಅಂದೆ. ಟೈರನ್ನು ರಿಮ್ಮಿನಿಂದ ಇಳಿಸಿ ಒಳಗೆ ಕೈಯಾಡಿಸಿದರೆ ಅಂಗೈ ತುಂಬ ಕರಿ ಪುಡಿ, ಮಸಿಯ ಹಾಗೆ. ಟೈರಿನ ಪಕ್ಕೆಯೊಳಗೆ ಸುತ್ತಲೂ ಬಳೆಯ ಹಾಗೆ ಒಂದು ಗೆರೆ ಸವೆದು, ಒಳಗಿನ ನೂಲು ಕಾಣುತ್ತಿತ್ತು. ಗಾಳಿ ಕಡಿಮೆಯಿದ್ದಾಗ ಪಕ್ಕೆ ಮಡಚಿಕೊಂಡು, ತನ್ನನ್ನು ತಾನೇ ಉಜ್ಜಿಕೊಂಡು ಉದುರಿಸಿದ ಪುಡಿ ಅದು. ಅಂಥ ಟೈರಿಗೆ ಯಾವ ಪ್ಯಾಚೂ ಇಲ್ಲ. ತೂತು ಎಲ್ಲಿದೆ ಎಂದು ಹುಡುಕಿದರೆ ಗ್ರಿಪ್ಪಿನ ನಡುಮಧ್ಯೆ ಒಂದು ಸಣ್ಣ ಸ್ಕ್ರೂ. ಮೊದಲ ದಿನವೇ ಬಿಚ್ಚಿದ್ದರೆ ಅರ್ಧ ಗಂಟೆಯ ಕೆಲಸ, ಮುನ್ನೂರು ರೂಪಾಯಿ. ಆ ಹುಡುಗ ಐದು ಸಾವಿರದ ಟೈರು ಕೊಳ್ಳಬೇಕಾಯಿತು. ಕಂತು ಕಟ್ಟುವ ವಾರ ಬೇರೆ. ಅವನ ಮುಖ ನೋಡಿದಾಗ ನನಗೆ ನಾಚಿಕೆಯಾಯಿತು, ಯಾಕೆಂದರೆ ಅಷ್ಟೂ ಸಲ ಗಾಳಿ ಹಾಕಿ ಕಳಿಸಿದವನು ನಾನೇ.

ಅದಕ್ಕೇ ಈ ಪತ್ರ.

ನಾನು ಈ ಕೆಲಸ ಕಲಿತಾಗ ಅಂಬಾಸಿಡರ್, ಸುಮೋ ಎಲ್ಲಕ್ಕೂ ಟ್ಯೂಬು. ಮೊಳೆ ಹೊಕ್ಕರೆ ಟ್ಯೂಬಿನ ಗಾಳಿ ಒಂದೆರಡು ನಿಮಿಷದಲ್ಲಿ ಇಳಿದು ಗಾಡಿ ಕೂತುಬಿಡುತ್ತಿತ್ತು. ಚಾಲಕನಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಟ್ಯೂಬ್‌ಲೆಸ್ ಬಂದ ಮೇಲೆ ಹಾಗಲ್ಲ. ಅದರ ಒಳಮೈಗೆ ಗಾಳಿ ಬಿಡದ ಬ್ಯೂಟೈಲ್ ರಬ್ಬರಿನ ಒಂದು ಪದರ ಇರುತ್ತದೆ, ಚುಚ್ಚಿದ ಮೊಳೆಯನ್ನು ರಬ್ಬರು ಸುತ್ತಲಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಾಳಿ ಸೂಜಿಮೊನೆಯಷ್ಟು ಸಂದಿಯಲ್ಲಿ ದಿನಕ್ಕೆ ಎರಡು, ಮೂರು, ನಾಲ್ಕು ಪಿಎಸ್‌ಐ ಲೆಕ್ಕದಲ್ಲಿ ಸೋರುತ್ತದೆ. ರಸ್ತೆಯಲ್ಲಿ ನಿಲ್ಲಿಸದೆ ಮನೆ ಸೇರಿಸುವುದು ಈ ಟೈರಿನ ದೊಡ್ಡ ಉಪಕಾರ. ಆ ಉಪಕಾರವನ್ನು ನಾವು ವಾರಗಟ್ಟಲೆ ಎಳೆಯುತ್ತಿದ್ದೇವೆ.

ಮೊದಲು ಅಳತೆಯ ಮಾತು. ನಿಮ್ಮ ಗಾಡಿಗೆ ಎಷ್ಟು ಗಾಳಿ ಎಂಬುದು ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿದೆ. ಕೆಲವು ಗಾಡಿಗಳಲ್ಲಿ ಇಂಧನದ ಮುಚ್ಚಳದ ಒಳಗಿರುತ್ತದೆ. ತುಂಬಿದ ಗಾಡಿಗೆ ಹಿಂದಿನ ಚಕ್ರದ ಲೆಕ್ಕ ಬೇರೆಯೇ ಬರೆದಿದ್ದರೆ, ಸಿಲಿಂಡರು, ನಾಲ್ಕು ಜನ, ನಾಲ್ಕು ಸೂಟ್‌ಕೇಸು ಹೊರುವ ನೀವು ಆ ಎರಡನೆಯ ಲೆಕ್ಕವನ್ನೇ ನೋಡಬೇಕು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಪಿಎಸ್‌ಐ ಅಂಕಿ ಅದು ತಾಳುವ ಗರಿಷ್ಠ ಮಿತಿ, ಹಾಕಿಸಬೇಕಾದ ಗಾಳಿಯ ಲೆಕ್ಕ ಅಲ್ಲ. ಆ ಅಂಕಿ ತೋರಿಸಿ "ಇಷ್ಟು ಹಾಕಿ" ಎನ್ನುವವರು ವಾರಕ್ಕೊಬ್ಬರು ಬರುತ್ತಾರೆ.

ಚೀಟಿಯಲ್ಲಿ ಬರೆದದ್ದು ತಣ್ಣಗಿರುವ ಟೈರಿನ ಲೆಕ್ಕ. ಬೆಂಗಳೂರಿನಿಂದ ಇಲ್ಲಿಯವರೆಗೆ ಓಡಿ ಬಂದ ಟೈರು ಬಿಸಿಯಾಗಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆಗ 33 ಇದೆ ಎಂದರೆ ಬೆಳಿಗ್ಗೆ ಎದ್ದಾಗ 28 ಇರುತ್ತದೆ. ಹಾಗೆಯೇ ಗಾಳಿಯ ಉಷ್ಣತೆ ಐದಾರು ಡಿಗ್ರಿ ಇಳಿದರೆ ಹೆಚ್ಚುಕಡಿಮೆ ಒಂದು ಪಿಎಸ್‌ಐ ಇಳಿಯುತ್ತದೆ. ಮಾಗಿ ಚಳಿಯಲ್ಲಿ ಮಂಡ್ಯ, ಮೈಸೂರಿನ ಬೆಳಗಿನ ಜಾವಕ್ಕೂ ಮಟಮಟ ಮಧ್ಯಾಹ್ನಕ್ಕೂ ಇರುವ ಅಂತರ ನಿಮಗೆ ಗೊತ್ತು. ಈ ಏರಿಳಿತವನ್ನು ಸೋರಿಕೆ ಎಂದುಕೊಂಡು ಗಾಬರಿಯಾಗುವವರೂ ಇದ್ದಾರೆ, ನಿಜವಾದ ಸೋರಿಕೆಯನ್ನು ಚಳಿಯ ತಲೆಗೆ ಕಟ್ಟಿ ಸುಮ್ಮನಾಗುವವರೂ ಇದ್ದಾರೆ. ಇನ್ನೂರು, ಮುನ್ನೂರು ರೂಪಾಯಿಗೆ ಒಂದು ಗೇಜು ಸಿಗುತ್ತದೆ. ಗಾಡಿ ತೆಗೆಯುವ ಮುಂಚೆ, ದಿನಾ ಅದೇ ಹೊತ್ತಿಗೆ, ನಾಲ್ಕೂ ಚಕ್ರ ಅಳೆದು ಡೀಸೆಲ್ ಲೆಕ್ಕ ಬರೆಯುವ ಪುಸ್ತಕದಲ್ಲೇ ಬರೆದುಕೊಳ್ಳಿ. ನಾಲ್ಕೂ ಒಂದೇ ಸಮನೆ ತಿಂಗಳಿಗೆ ಒಂದೋ ಎರಡೋ ಪಿಎಸ್‌ಐ ಇಳಿದರೆ ಅದು ಸಹಜ, ರಬ್ಬರಿನ ಮೂಲಕವೇ ಗಾಳಿ ಅಷ್ಟು ಹೋಗುತ್ತದೆ. ಮೂರು ಚಕ್ರ ಹಾಗೇ ನಿಂತು ಒಂದೇ ಚಕ್ರ ವಾರದಲ್ಲಿ ಮೂರು ಇಳಿಯಿತೆಂದರೆ ಎಲ್ಲೋ ತೂತಿದೆ. ಆ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ತಂದು ನನ್ನ ಕೈಗೆ ಕೊಟ್ಟರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ನೀವು ನಡುವೆ ಬಂಕಿನಲ್ಲಿ ಗಾಳಿ ತುಂಬಿಸಿದಾಗಲೆಲ್ಲ ಈ ಸುಳಿವು ಅಳಿಸಿಹೋಗುತ್ತದೆ.

ಹೊಸ ಗಾಡಿಗಳಲ್ಲಿ ಆಶ್ಚರ್ಯಸೂಚಕ ಚಿಹ್ನೆಯ ಹಳದಿ ದೀಪ ಬರುತ್ತದೆ. ಅದನ್ನು ನಂಬಿ ಕೂರಬೇಡಿ. ಸಾಮಾನ್ಯವಾಗಿ ಕಾಲುಭಾಗ ಗಾಳಿ ಹೋದ ಮೇಲಷ್ಟೇ ಅದು ಹೊತ್ತುವುದು. ಕೆಲವು ಗಾಡಿಗಳು ಗಾಳಿಯನ್ನು ನೇರವಾಗಿ ಅಳೆಯುವುದೇ ಇಲ್ಲ, ಚಕ್ರ ತಿರುಗುವ ವೇಗ ಹೋಲಿಸಿ ಊಹಿಸುತ್ತವೆ. ಅಂಥದ್ದರಲ್ಲಿ ಗಾಳಿ ಸರಿಮಾಡದೆ ರೀಸೆಟ್ ಒತ್ತಿದರೆ, ಕಡಿಮೆ ಗಾಳಿಯೇ ಸರಿಯಾದ ಗಾಳಿ ಎಂದು ಗಾಡಿ ಕಲಿತುಕೊಳ್ಳುತ್ತದೆ. ದೀಪ ಕಾಟ ಕೊಡುತ್ತದೆ ಎಂದು ದಯವಿಟ್ಟು ಒತ್ತಬೇಡಿ.

ಇನ್ನು ತೂತು ಹುಡುಕುವುದು. ನಾನು ಶುರುಮಾಡುವುದು ವಾಲ್ವಿನಿಂದ. ನೀವು ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಇಟ್ಟು ನೋಡುತ್ತೀರಲ್ಲ, ಅದು ತಪ್ಪಲ್ಲ, ಅರ್ಧ ಪರೀಕ್ಷೆ ಅಷ್ಟೆ. ಬಾಯಲ್ಲಿ ಗುಳ್ಳೆ ಬಂದರೆ ಒಳಗಿನ ವಾಲ್ವ್ ಪಿನ್ ಸಡಿಲವಾಗಿದೆ ಇಲ್ಲವೇ ಅದರ ಮೇಲೆ ಮಣ್ಣು ಕೂತಿದೆ. ಪಿನ್ ಬದಲಿಸುವುದು ಹತ್ತಿಪ್ಪತ್ತು ರೂಪಾಯಿಯ ಕೆಲಸ. ಅಷ್ಟಕ್ಕೇ ನಿಲ್ಲಬಾರದು. ವಾಲ್ವಿನ ಬುಡಕ್ಕೆ ಸೋಪಿನ ನೀರು ಹಾಕಿ, ರಬ್ಬರು ಕಾಂಡವನ್ನು ಆಚೆ ಈಚೆ ಬಗ್ಗಿಸಬೇಕು. ಬಿಸಿಲಿಗೆ ಒಣಗಿ ಬಿರಿದ ಕಾಂಡ ನೆಟ್ಟಗೆ ನಿಂತಾಗ ಸೋರುವುದಿಲ್ಲ; ಗಾಡಿ ವೇಗದಲ್ಲಿ ಓಡಿ ಅದು ಹೊರಕ್ಕೆ ಬಾಗಿದಾಗ ಸೋರುತ್ತದೆ. ನಿಂತ ಗಾಡಿಯಲ್ಲಿ ಎಷ್ಟು ಹುಡುಕಿದರೂ ಸಿಗದ ಸೋರಿಕೆಗಳಲ್ಲಿ ಇದೊಂದು. ಟೈರು ಹೊಸದು ಹಾಕಿಸುವಾಗ ವಾಲ್ವೂ ಹೊಸದು ಹಾಕಿಸಿ. ಎಪ್ಪತ್ತು, ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಹಳೆಯ ವಾಲ್ವಿನ ಮೇಲೆ ಹೊಸ ಟೈರು ಕೂರಿಸುವುದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಸಂಗತಿ. ಮುಚ್ಚಳ ಕಳೆದಿದ್ದರೆ ಹಾಕಿಸಿಕೊಳ್ಳಿ, ಮಣ್ಣನ್ನು ತಡೆಯುವುದು ಅದೊಂದೇ.

ವಾಲ್ವ್ ಸರಿಯಿದ್ದರೆ ಚಕ್ರ ಬಿಚ್ಚಿ, ನೀರಿನ ತೊಟ್ಟಿಗೆ. ಇದಕ್ಕೆ ಮುಂಚೆ ಗಾಳಿಯನ್ನು 40ರ ಸುತ್ತ ಏರಿಸುತ್ತೇನೆ, ಪಕ್ಕೆಯ ಮೇಲಿನ ಮಿತಿ ದಾಟದ ಹಾಗೆ. ಸಣ್ಣ ತೂತು ಕಡಿಮೆ ಗಾಳಿಯಲ್ಲಿ ಬಾಯಿ ಬಿಡುವುದಿಲ್ಲ. ಚಕ್ರವನ್ನು ನಿಧಾನ ತಿರುಗಿಸಿ, ಒಂದೊಂದು ಜಾಗದಲ್ಲೂ ನೀರು ತಿಳಿಯಾಗುವವರೆಗೆ ಕಾಯಬೇಕು. ಗ್ರಿಪ್ಪಿನ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯೂ ಮೊದಲು ಗುಳ್ಳೆ ಬಿಡುತ್ತದೆ, ಅದನ್ನು ನಂಬಿ ಮೋಸಹೋಗಬಾರದು. ನಿಜವಾದ ತೂತಿನಿಂದ ಗುಳ್ಳೆಗಳು ಒಂದೇ ಕಡೆಯಿಂದ, ಒಂದೇ ಲಯದಲ್ಲಿ, ನಿಲ್ಲದೆ ಬರುತ್ತವೆ. ಕೆಲವೊಮ್ಮೆ ನಿಮಿಷಕ್ಕೆ ಒಂದೇ ಗುಳ್ಳೆ. ಆ ಒಂದು ಗುಳ್ಳೆಗೆ ಕಾದು ಕೂರುವುದೇ ನಮ್ಮ ವಿದ್ಯೆ. ಹಿಂದೆ ನಿಂತು "ಆಯ್ತಾ ಅಣ್ಣ, ಆಯ್ತಾ" ಎಂದು ನೀವು ಅವಸರ ಮಾಡಿದಾಗ ತಪ್ಪಿಹೋಗುವುದೂ ಅದೇ ಗುಳ್ಳೆ.

ಟೈರುಗಳಲ್ಲಿ ನನಗೆ ಏನೇನು ಸಿಕ್ಕಿಲ್ಲ ಹೇಳಿ! ಮರಗೆಲಸದ ಸ್ಕ್ರೂ, ತಗಡಿನ ಚೂರು, ಕಬ್ಬಿನ ಗಾಡಿ ಎಳೆಯುವ ಎತ್ತುಗಳ ಲಾಳದ ಮೊಳೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಬ್ಬ ಐಟಿ ನೌಕರರು ಅಯಸ್ಕಾಂತ ಕಟ್ಟಿದ ಕೋಲು ಹಿಡಿದು ದಿನಾ ಮೊಳೆ ಆರಿಸಿ ಕಿಲೋಗಟ್ಟಲೆ ಕೂಡಿಹಾಕಿದ್ದು ನೀವೂ ಕೇಳಿರುತ್ತೀರಿ. ಪಂಚರ್ ಅಂಗಡಿಯವರೇ ಚೆಲ್ಲುತ್ತಾರೆ ಎಂಬ ಮಾತು ಆಗ ಬಂತು. ಯಾರೇ ಚೆಲ್ಲಿದ್ದರೂ ಅವರು ನನ್ನ ಕಸುಬಿನವರಲ್ಲ ಎಂದೇ ನಾನು ತಿಳಿದಿದ್ದೇನೆ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಮೊಳೆ ಕಂಡ ತಕ್ಷಣ ಕಟಿಂಗ್ ಪ್ಲೇಯರ್ ಹಿಡಿದು ಕೀಳಬೇಡಿ. ಅದು ಇರುವಷ್ಟು ಹೊತ್ತು ತೂತಿನ ಬಿರಡೆಯಾಗಿರುತ್ತದೆ. ಕಿತ್ತರೆ ಐದು ನಿಮಿಷದಲ್ಲಿ ಟೈರು ನೆಲ ಕಚ್ಚುತ್ತದೆ, ಮೊಳೆ ಯಾವ ಓರೆಯಲ್ಲಿ ಹೊಕ್ಕಿತ್ತು ಎಂಬ ಗುರುತೂ ಹೋಗುತ್ತದೆ. ಸುತ್ತ ಸೀಮೆಸುಣ್ಣದಿಂದ ಒಂದು ವೃತ್ತ ಎಳೆದು, ಗಾಳಿ ನೋಡಿಕೊಂಡು, ನಿಧಾನವಾಗಿ ಹತ್ತಿರದ ಅಂಗಡಿಗೆ ಬನ್ನಿ.

ಮೊಳೆಯೂ ಇಲ್ಲ, ವಾಲ್ವೂ ಸರಿ, ಆದರೂ ಇಳಿಯುತ್ತದೆ ಎಂದರೆ ನೋಡಬೇಕಾದದ್ದು ಟೈರು ರಿಮ್ಮಿಗೆ ಕೂರುವ ಅಂಚು, ಬೀಡ್. ಅಲ್ಲಿ ಸೋರಿದರೆ ಒಂದೊಂದೇ ಗುಳ್ಳೆ ಬರುವುದಿಲ್ಲ, ಅಂಚಿನುದ್ದಕ್ಕೂ ಸಣ್ಣ ನೊರೆ ಕಟ್ಟುತ್ತದೆ. ಕೆಎ-19, ಕೆಎ-20 ಬೋರ್ಡಿನ ಕರಾವಳಿ ಗಾಡಿಗಳಲ್ಲಿ ಇದನ್ನು ಹೆಚ್ಚು ನೋಡಿದ್ದೇನೆ. ಉಪ್ಪುಗಾಳಿಗೆ ಅಲಾಯ್ ರಿಮ್ಮಿನ ಬಣ್ಣದ ಕೆಳಗೆ ಬಿಳಿ ಹುಡಿ ಏಳುತ್ತದೆ. ಕಬ್ಬಿಣದ ಡಿಸ್ಕಾದರೆ ತುಕ್ಕು. ಇದಕ್ಕೆ ಮದ್ದು ತಾಳ್ಮೆಯೊಂದೇ: ಟೈರು ಇಳಿಸಿ, ರಿಮ್ಮಿನ ಕೂರುವ ಜಾಗವನ್ನು ತಂತಿ ಬ್ರಷ್ಷು, ಉಪ್ಪು ಕಾಗದದಿಂದ ನುಣ್ಣಗೆ ಉಜ್ಜಿ, ಒರೆಸಿ, ಬೀಡ್ ಸೀಲರ್ ತೆಳ್ಳಗೆ ಹಚ್ಚಿ ಮತ್ತೆ ಕೂರಿಸುವುದು. ಗ್ರೀಸು ಬಳಿದು ಕಳಿಸುವವರಿದ್ದಾರೆ. ಗ್ರೀಸು ರಬ್ಬರನ್ನು ತಿನ್ನುತ್ತದೆ. ಗುಂಡಿಗೆ ಬಿದ್ದು ರಿಮ್ಮು ಬಾಗಿದ್ದರೂ ಅಂಚಿನಲ್ಲೇ ಸೋರುತ್ತದೆ. ಆದರೆ ಅಲಾಯ್ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಿ ಜನ ಕೂರಿಸಿಕೊಂಡು ಓಡಿಸಬೇಡಿ. ರಿಮ್ಮೇ ಬದಲಿಸಿ. ಸೋರುವ ಟ್ಯೂಬ್‌ಲೆಸ್ ಒಳಗೆ ಟ್ಯೂಬು ತುರುಕುವ ಹಳೆಯ ಉಪಾಯವನ್ನೂ ಬಿಟ್ಟುಬಿಡಿ, ಒಳಗೇ ಉಜ್ಜಿ ಬಿಸಿ ಏರುತ್ತದೆ.

ಈಗ ರಿಪೇರಿ. ನನಗೂ ನಿಮಗೂ ಹೆಚ್ಚು ಜಗಳವಾಗುವ ಜಾಗ ಇದೇ.

ಚಕ್ರ ಬಿಚ್ಚದೆ, ಹೊರಗಿನಿಂದ ಅರ ಹಾಕಿ ತೂತು ದೊಡ್ಡದು ಮಾಡಿ, ಅಂಟಿನ ಸ್ಟ್ರಿಪ್ ತಳ್ಳಿ, ತುದಿ ಕತ್ತರಿಸಿ ಕಳಿಸುವುದು ಐದು ನಿಮಿಷದ ಕೆಲಸ. ನಾನೂ ಸಾವಿರಾರು ಹಾಕಿದ್ದೇನೆ. ನಡುರಾತ್ರಿ, ಮಳೆಯಲ್ಲಿ, ಸವಾರಿ ಕೂತಿರುವಾಗ ಅದು ನಿಮ್ಮನ್ನು ಊರು ಮುಟ್ಟಿಸುತ್ತದೆ. ಆದರೆ ಅದು ಬಿರಡೆ ಅಷ್ಟೆ. ಟೈರಿನ ಗಾಳಿ ತಡೆಯುವುದು ಒಳಮೈ ಪದರ. ಹೊರಗಿನಿಂದ ಹಾಕಿದ ಸ್ಟ್ರಿಪ್ ಆ ಪದರವನ್ನು ಮುಚ್ಚುವುದಿಲ್ಲ. ಅರ ಆಡಿಸುವಾಗ ಒಳಗಿನ ಉಕ್ಕಿನ ತಂತಿ ಒಂದೆರಡು ತುಂಡಾಗುತ್ತವೆ, ಸಂದಿಯಲ್ಲಿ ಮಳೆನೀರು ಇಳಿದು ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಟೈರಿನ ಒಳಗೆ ಕಣ್ಣಿಟ್ಟು ನೋಡುವುದೇ ಇಲ್ಲ. ಆ ಹುಡುಗನ ಟೈರಿನ ಕರಿ ಪುಡಿ ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ.

ಸರಿಯಾದ ಕೆಲಸ ಒಳಗಿನಿಂದ ಆಗಬೇಕು. ಟೈರು ಇಳಿಸಿ, ಒಳಮೈ ಒರೆಸಿ, ಪಕ್ಕೆ ಸವೆದಿದೆಯೇ ಎಂದು ಬೆರಳಿನಿಂದ ತಡವಿ ನೋಡುತ್ತೇನೆ. ತೂತನ್ನು ಮೊಳೆ ಹೊಕ್ಕ ಓರೆಯಲ್ಲೇ ಶುಚಿಮಾಡುತ್ತೇನೆ. ಒಳಮೈಯನ್ನು ಪ್ಯಾಚಿನ ಅಗಲಕ್ಕಿಂತ ಸ್ವಲ್ಪ ಹೆಚ್ಚಿಗೆ ಬಫಿಂಗ್ ಮಾಡಿ, ಮಕಮಲ್ಲಿನ ಹಾಗೆ ಮಂಕು ಕಪ್ಪು ಬರಿಸಬೇಕು. ಜಾಸ್ತಿ ತೆಗೆದರೆ ನೂಲು ಮುಟ್ಟುತ್ತದೆ, ಕಡಿಮೆ ತೆಗೆದರೆ ಅಂಟು ಹಿಡಿಯುವುದಿಲ್ಲ. ಸೊಲ್ಯೂಷನ್ ಹಚ್ಚಿ, ಊದದೆ, ಬಿಸಿಲಿಗೆ ಇಡದೆ, ಬೆರಳ ಹಿಂಭಾಗ ತಾಗಿಸಿದರೆ ಮೆತ್ತಿಕೊಳ್ಳದೆ ಸ್ವಲ್ಪ ಎಳೆದ ಹಾಗಾಗುವವರೆಗೆ ಒಣಗಲು ಬಿಡಬೇಕು. ಆಮೇಲೆ ಅಣಬೆ ಪ್ಯಾಚು. ನಾವು ಮಶ್ರೂಮ್ ಅನ್ನುತ್ತೇವೆ. ಕಾಂಡ ತೂತಿನೊಳಗೆ ಹೋಗಿ ನೀರು ತಡೆಯುತ್ತದೆ, ಕೊಡೆ ಒಳಮೈಗೆ ಅಂಟಿ ಗಾಳಿ ತಡೆಯುತ್ತದೆ. ನಡುವಿನಿಂದ ಅಂಚಿನ ಕಡೆಗೆ ರೋಲರ್ ಒತ್ತಿ ಒತ್ತಿ ಗಾಳಿಗುಳ್ಳೆ ಹೊರಡಿಸಬೇಕು. ಮತ್ತೆ ಕೂರಿಸಿ, ಗಾಳಿ ತುಂಬಿ, ಮತ್ತೊಮ್ಮೆ ತೊಟ್ಟಿಗೆ. ಬ್ಯಾಲೆನ್ಸಿಂಗ್ ನೋಡಿ ಜೋಡಿಸುವಾಗ ನಟ್ಟುಗಳನ್ನು ನಕ್ಷತ್ರದ ಹಾಗೆ ಎದುರುಬದುರಾಗಿ ಬಿಗಿಯಬೇಕು. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯುವುದು ಬೇಡ. ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ನೋಡಿಸಿಕೊಳ್ಳಿ.

ಇದೆಲ್ಲ ತೂತು ಗ್ರಿಪ್ಪಿನ ನಡುಭಾಗದಲ್ಲಿದ್ದು, ಆರು ಮಿಲಿಮೀಟರಿಗಿಂತ ದೊಡ್ಡದಿಲ್ಲದಿದ್ದರೆ ಮಾತ್ರ. ಅಂಚಿನ ತಿರುವಿನಲ್ಲೋ ಪಕ್ಕೆಯಲ್ಲೋ ಇದ್ದರೆ ರಿಪೇರಿ ಇಲ್ಲ. ಪಕ್ಕೆ ಚಕ್ರ ಉರುಳಿದ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವ ಭಾಗ, ಅಲ್ಲಿ ಯಾವ ಪ್ಯಾಚೂ ನಿಲ್ಲುವುದಿಲ್ಲ. ಬಹಳ ವರ್ಷದ ಕೆಳಗೆ ಒಬ್ಬ ಹಿರಿಯ ಚಾಲಕರು "ಮಗಳ ಮದುವೆ ಖರ್ಚಿದೆ, ಇದೊಂದು ತಿಂಗಳು ಓಡಲಿ ಮಾರಾಯ" ಎಂದು ಕೈಹಿಡಿದರು. ಅಂಚಿನ ತೂತಿಗೆ ಸ್ಟ್ರಿಪ್ ಹಾಕಿಕೊಟ್ಟೆ. ಹನ್ನೊಂದನೆಯ ದಿನ ಅದು ಹರಿಯಿತು. ಗಾಡಿ ಖಾಲಿಯಿತ್ತು, ವೇಗ ಕಡಿಮೆಯಿತ್ತು, ಅವರಿಗೆ ಏನೂ ಆಗಲಿಲ್ಲ. ಆಮೇಲೆ ನಾನು ಯಾರಿಗೂ ಹಾಗೆ ಮಾಡಿಕೊಟ್ಟಿಲ್ಲ, ಮಾಡಿಕೊಡುವುದೂ ಇಲ್ಲ. ಬೈದುಕೊಂಡು ಮುಂದಿನ ಅಂಗಡಿಗೆ ಹೋದವರಿದ್ದಾರೆ. ಅವರು ಸುರಕ್ಷಿತವಾಗಿ ಊರು ಸೇರಿದರೇ ಎಂದು ಆ ಇಡೀ ದಿನ ನನಗೆ ಸಮಾಧಾನ ಇರುವುದಿಲ್ಲ.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ನನ್ನ ಭಯ ಹೆಚ್ಚಾಗಿದೆ. ಹಳೆಯ ರಸ್ತೆಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ ಎಂದು ಊರೂರಿಗೆ ಗಾಡಿ ನಿಧಾನವಾಗುತ್ತಿತ್ತು, ಟೈರಿಗೂ ಉಸಿರಾಡಲು ಹೊತ್ತಿರುತ್ತಿತ್ತು. ಈಗ 118 ಕಿಲೋಮೀಟರ್ ಎಲ್ಲೂ ನಿಲ್ಲದೆ ನೂರರ ವೇಗದಲ್ಲಿ ಹೋಗುತ್ತೀರಿ. 33 ಇರಬೇಕಾದಲ್ಲಿ 22 ಇದ್ದರೆ ಪಕ್ಕೆ ಸುತ್ತುಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿ, ಬಿಸಿಯಾದಷ್ಟೂ ರಬ್ಬರು ನೂಲನ್ನು ಬಿಟ್ಟುಕೊಡುತ್ತದೆ. ಟೈರು ಸಿಡಿಯಿತು ಎಂದು ಪೇಪರಿನಲ್ಲಿ ಓದುವಾಗಲೆಲ್ಲ, ಅದಕ್ಕೆ ಹಿಂದಿನ ವಾರ ಯಾರೋ ಎಲ್ಲೋ "ಒಂಚೂರು ಗಾಳಿ" ಹಾಕಿ ಕಳಿಸಿರಬಹುದೇ ಎಂದು ನನ್ನ ಮನಸ್ಸಿಗೆ ಬರುತ್ತದೆ.

ಸ್ಟೆಪ್ನಿ ಇದೆಯಲ್ಲ ಅನ್ನುತ್ತೀರಿ. ಆ ಹೆಸರು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯದು. 1904ರ ಸುಮಾರಿಗೆ ಅಲ್ಲಿ ಅಂಗಡಿಯಿದ್ದ ಡೇವೀಸ್ ಸಹೋದರರು ಮಾಡಿದ ಹೆಚ್ಚುವರಿ ಚಕ್ರ ನಮ್ಮ ದೇಶದವರೆಗೂ ಬಂದು ನಮ್ಮ ಮಾತೇ ಆಗಿಹೋಯಿತು. ಆದರೆ ನಿಮ್ಮ ಸ್ಟೆಪ್ನಿಯ ಗಾಳಿ ನೋಡಿ ಎಷ್ಟು ದಿನವಾಯಿತು? ಡಿಕ್ಕಿಯಲ್ಲಿ ಸಿಲಿಂಡರಿನ ಕೆಳಗೆ ಸಿಕ್ಕಿಕೊಂಡ ಚಕ್ರದಲ್ಲಿ ನಾನು ಹತ್ತು, ಹನ್ನೆರಡು ಪಿಎಸ್‌ಐ ನೋಡಿದ್ದೇನೆ. ಸಣ್ಣ ಸ್ಟೆಪ್ನಿಯಾದರೆ ಅದರ ಮೇಲೆ ಬರೆದ ವೇಗದ ಮಿತಿ, ಸಾಮಾನ್ಯವಾಗಿ 80, ದಾಟಬಾರದು. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಗಾಳಿ ತೋರಿಸುವ ವ್ಯವಸ್ಥೆ ಇರುವ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಎಂದಿತು. ಅಂಥ ಗಾಡಿ ನಿಮ್ಮದಾಗಿದ್ದು, ಕಿಟ್ಟಿನ ಸೀಲಂಟ್ ಟೈರಿಗೆ ಹಾಕಿದ್ದರೆ, ಬಿಚ್ಚುವ ಮುಂಚೆ ನಮಗೆ ಹೇಳಿ. ಒಳಗೆಲ್ಲ ಗಂಜಿಯ ಹಾಗೆ ಹರಡಿರುತ್ತದೆ, ತೊಳೆದು ಒಣಗಿಸದೆ ಪ್ಯಾಚು ಕೂರುವುದಿಲ್ಲ.

ನಿಮಗೆ ಹೊತ್ತಿಲ್ಲ ಎಂಬುದು ನನಗೆ ಗೊತ್ತು. ಒಂದು ಟ್ರಿಪ್ ಬಿಟ್ಟರೆ ಆ ದಿನದ ಇನ್ಸೆಂಟಿವ್ ಹೋಗುತ್ತದೆ, ಗಾಡಿ ನಿಂತಷ್ಟು ಹೊತ್ತೂ ಬಡ್ಡಿ ಓಡುತ್ತಿರುತ್ತದೆ. ನಿಮ್ಮನ್ನು ಬಯ್ಯಲು ನಾನು ಇದನ್ನು ಬರೆಯುತ್ತಿಲ್ಲ. ಅರ್ಧ ಗಂಟೆ ಕೊಡಿ, ಅಷ್ಟೇ ಕೇಳುವುದು. ಸವಾರಿ ಕೂತಿರುವಾಗ ಬೇಡ. ಖಾಲಿ ವಾಪಸ್ ಬರುವಾಗ ಕೊಡಿ, ಊಟದ ಹೊತ್ತಿನಲ್ಲಿ ಕೊಡಿ. ಎದುರಿನ ಹೋಟೆಲಿನಲ್ಲಿ ನೀವು ಮದ್ದೂರು ವಡೆ ತಿಂದು ಕಾಫಿ ಕುಡಿದು ಬರುವಷ್ಟರಲ್ಲಿ ನಿಮ್ಮ ಚಕ್ರ ತೊಟ್ಟಿಯಿಂದ ಎದ್ದಿರುತ್ತದೆ.

ನನ್ನ ಕಡೆಯಿಂದ ಎರಡು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಕಂಪ್ರೆಸರ್ ಪಕ್ಕದ ಗೋಡೆಗೆ ಕರಿ ಹಲಗೆ ಹೊಡೆಸಿ, ಗಾಳಿಗೆ ಬಂದ ಗಾಡಿಯ ನಂಬರು, ಚಕ್ರ, ಇಳಿದ ಲೆಕ್ಕ ಬರೆಯುತ್ತಿದ್ದೇನೆ. ಅದೇ ಗಾಡಿ ಅದೇ ಚಕ್ರಕ್ಕೆ ಎರಡನೆಯ ಸಲ ಬಂದರೆ ಗಾಳಿಯ ಪೈಪು ತೆಗೆಯುವ ಮುಂಚೆ ಜಾಕಿ ತೆಗೆಯುತ್ತೇನೆ. ತೊಟ್ಟಿಗೆ ಹಾಕಿ ನೋಡಿದ್ದಕ್ಕೆ ದುಡ್ಡಿಲ್ಲ, ತೂತು ಸಿಕ್ಕಿ ಕೆಲಸ ಮಾಡಿದರೆ ಮಾತ್ರ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದಿರುತ್ತೇನೆ. ಮೊನ್ನೆ ಆ ಹುಡುಗನೇ ಮೊದಲು ಬಂದ. ಬಲ ಮುಂದಿನ ಚಕ್ರ, ಎರಡು ದಿನಕ್ಕೆ ಮೂರು ಪಿಎಸ್‌ಐ. ಈ ಸಲ ಇಂಜಿನ್ ಆರಿಸಿ ಇಳಿದ, ಕೈಯಲ್ಲಿ ಚೀಟಿಯಿತ್ತು. ಸೋರುತ್ತಿದ್ದದ್ದು ವಾಲ್ವ್ ಪಿನ್.

ಇಂತಿ,
ನಿಮ್ಮ ದಾರಿಯ ಪಂಚರ್ ಅಂಗಡಿಯವ